ಕಡಿವಾಣವೆಂಬ ಮಾತು: ದಖ್ಖಣದ ಎಳೆಗುದುರೆ ಮತ್ತು ಅದರ ಬಾಯಿ

ಇಂದಿನ ಕನ್ನಡದಲ್ಲಿ ‘ಕಡಿವಾಣ’ ಎಂಬ ಮಾತು ಕುದುರೆಯಿಂದ ಬಹುದೂರ ಸರಿದಿದೆ. ಬೆಲೆಯೇರಿಕೆಗೆ, ಖರ್ಚಿಗೆ, ನಾಲಗೆಗೆ ಕಡಿವಾಣ ಹಾಕುವುದೆಂದರೆ ತಡೆಯುವುದು, ಅಂಕೆಯಲ್ಲಿಡುವುದು ಎಂದಷ್ಟೇ ಓದುಗರಿಗೆ ಹೊಳೆಯುತ್ತದೆ. ಆದರೆ ಪದದ ಒಳಗಿರುವ ‘ಕಡಿ’ ಬೇರೊಂದನ್ನು ಸೂಚಿಸುತ್ತದೆ. ಕಡಿ ಎಂದರೆ ಹಲ್ಲಿನಿಂದ ಕಚ್ಚುವುದು. ತಮಿಳಿನ ‘ಕಡಿವಾಳಂ’ ಇದೇ ಬಳಗದ್ದು. ಇಂಗ್ಲಿಷಿನ ‘ಬಿಟ್’ ಕೂಡ ಕಚ್ಚುವುದೆಂಬ ಅರ್ಥದ ಧಾತುವಿನಿಂದಲೇ ಬಂದದ್ದು. ಕಚ್ಚುವುದು ಕುದುರೆಯ ಕೆಲಸ, ಸವಾರನದಲ್ಲ. ಹಾಗಾದರೆ ಕಡಿವಾಣವು ಮೊದಲು ಸವಾರನ ಅಧಿಕಾರವನ್ನಲ್ಲ, ಕುದುರೆಯ ಒಪ್ಪಿಗೆಯನ್ನು ಹೆಸರಿಸುವ ಪದ. ದಖ್ಖಣದ ಅಶ್ವೇತಿಹಾಸವನ್ನು ಬರೆದವರು ಕುದುರೆಗಳ ಸಂಖ್ಯೆಯನ್ನೂ ಬೆಲೆಯನ್ನೂ ಲೆಕ್ಕಹಾಕಿದ್ದಾರೆಯೇ ಹೊರತು ಈ ಒಪ್ಪಿಗೆಯ ಕಡೆಗೆ ಹೆಚ್ಚಾಗಿ ಕಣ್ಣು ಹಾಯಿಸಿಲ್ಲ.

ಕುದುರೆಯ ಬಾಯಿಯ ರಚನೆ ವಿಶಿಷ್ಟವಾದುದು. ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ತೆರಪಿದೆ. ಲೋಹದ ಕಂಬಿ ನಾಲಗೆಯ ಮೇಲೆ ಹಾಯ್ದು ಈ ತೆರಪಿನಲ್ಲಿ ನೆಲೆಗೊಳ್ಳುತ್ತದೆ. ಅಲ್ಲಿ ದವಡೆಯ ಎಲುಬಿಗೆ ತೆಳುವಾದ ಚರ್ಮದ ಹೊದಿಕೆ ಮಾತ್ರ. ಮರಿಗೆ ಇಪ್ಪತ್ತನಾಲ್ಕು ಹಾಲುಹಲ್ಲುಗಳು. ಅವು ಬೀಳತೊಡಗುವುದು ಎರಡೂವರೆ ವರ್ಷದ ಸುಮಾರಿಗೆ. ಮೂರೂವರೆಗೆ ಎರಡನೆಯ ಜೊತೆ ಬಾಚಿಹಲ್ಲು, ನಾಲ್ಕೂವರೆಗೆ ಮೂರನೆಯದು. ಗಂಡಾದರೆ ನಾಲ್ಕೈದು ವರ್ಷಕ್ಕೆ ಅದೇ ತೆರಪಿನಲ್ಲಿ ಕೋರೆಹಲ್ಲು ಒಡೆಯುತ್ತದೆ. ಮರಿಯ ಬೆನ್ನಿಗೆ ಮೊದಲ ಬಾರಿ ಜೀನು ಬೀಳುವುದೂ ಸಾಮಾನ್ಯವಾಗಿ ಈ ವರ್ಷಗಳಲ್ಲಿಯೇ. ಬಾಯಿ ಅತ್ಯಂತ ನೋಯುವ ಕಾಲದಲ್ಲಿ ಬಾಯಿಯ ಮೂಲಕವೇ ಪಾಠ ಆರಂಭವಾಗುತ್ತದೆ.

ಅದರ ಫಲವನ್ನು ಯಾವ ಕುದುರೆಗಾರನೂ ಬಲ್ಲ. ಒಂದು ಮರಿ ತಲೆ ಕೊಡವುತ್ತದೆ. ಇನ್ನೊಂದು ನಾಲಗೆಯನ್ನು ಕಂಬಿಯ ಮೇಲಕ್ಕೆ ಎಳೆದುಕೊಳ್ಳುತ್ತದೆ. ಮತ್ತೊಂದು ಮೂಗನ್ನು ಆಕಾಶಕ್ಕೆತ್ತಿ ಓಡುತ್ತದೆ. ಇವೆಲ್ಲಕ್ಕಿಂತ ಮೋಸಗೊಳಿಸುವುದು ಗದ್ದವನ್ನು ಎದೆಗೆ ಒತ್ತಿಕೊಳ್ಳುವ ಮರಿ. ನೋಡುವವರಿಗೆ ಅದು ವಿನಯದಂತೆ ಕಾಣುತ್ತದೆ, ಚಿತ್ರಕಾರರಿಗೂ ಆ ಬಾಗಿದ ಕೊರಳು ಪ್ರಿಯ. ಆದರೆ ವಾಸ್ತವದಲ್ಲಿ ಕುದುರೆ ಸವಾರನ ಕೈಯಿಂದ ತಪ್ಪಿಸಿಕೊಂಡು ಕಂಬಿಯ ಹಿಂದೆ ಅಡಗಿರುತ್ತದೆ. ನಿಜವಾಗಿ ಪಳಗಿದ ಕುದುರೆ ಕಂಬಿಯನ್ನು ಮೆಲ್ಲಗೆ ಚಪ್ಪರಿಸುತ್ತ, ವಾಘೆಯ ಇನ್ನೊಂದು ತುದಿಯಲ್ಲಿರುವ ಕೈಯನ್ನು ತಾನಾಗಿ ಅರಸಿ ಹೋಗುತ್ತದೆ. ಅಲ್ಲಿಗೆ ಮುಟ್ಟಲು ತಿಂಗಳುಗಟ್ಟಲೆ ತಾಳ್ಮೆ ಬೇಕು. ಕೆಡಿಸಲು ಸಿಟ್ಟಿನ ಒಂದು ಬೆಳಗು ಸಾಕು.

ಈ ತಾಳ್ಮೆಗೆ ಅಡ್ಡದಾರಿಯನ್ನು ಹುಡುಕಿದ ಚರಿತ್ರೆಯೂ ಹಳೆಯದೇ. ಕ್ರಿಸ್ತಶಕ ಎರಡನೆಯ ಶತಮಾನದ ಏರಿಯನ್ ತನ್ನ ‘ಇಂಡಿಕಾ’ದಲ್ಲಿ ಭಾರತೀಯರು ಗ್ರೀಕರಂತೆ ಲಗಾಮು ಹಾಕುವುದಿಲ್ಲವೆಂದು ಬರೆದಿದ್ದಾನೆ. ಅವನ ಪ್ರಕಾರ ಇಲ್ಲಿಯವರು ಕುದುರೆಯ ಮೂತಿಯ ಸುತ್ತ ಹಸಿತೊಗಲಿನ ಪಟ್ಟಿಯನ್ನು ಹೊಲಿದು, ಅದರ ಒಳಮುಖಕ್ಕೆ ಕಂಚಿನ ಅಥವಾ ಕಬ್ಬಿಣದ, ಅಷ್ಟೇನೂ ಚೂಪಲ್ಲದ ಮುಳ್ಳುಗಳನ್ನು ಕೂಡಿಸುತ್ತಿದ್ದರು. ಸಿರಿವಂತರ ಮುಳ್ಳುಗಳು ದಂತದವು. ಬಾಯೊಳಗೆ ಕಬ್ಬಿಣದ ಒಂದು ಕಡ್ಡಿ. ವಾಘೆ ಎಳೆದರೆ ಕಡ್ಡಿಯೂ ಮುಳ್ಳೂ ಒಟ್ಟಿಗೆ ಕೆಲಸ ಮಾಡುತ್ತಿದ್ದವು. ಗ್ರೀಕರು ಮೃದುವಾಗಿದ್ದರೆಂದು ಇದರಿಂದ ತಿಳಿಯಬೇಕಿಲ್ಲ. ಕ್ಸೆನೊಫೋನ್ ತನ್ನ ಅಶ್ವವಿದ್ಯೆಯ ಗ್ರಂಥದಲ್ಲಿ ಸವಾರನ ಬಳಿ ನಯವಾದದ್ದೊಂದು, ಒರಟಾದದ್ದೊಂದು, ಹೀಗೆ ಎರಡು ಕಡಿವಾಣಗಳಿರಬೇಕೆಂದು ಹೇಳುತ್ತಾನೆ. ಒರಟಿನ ರುಚಿ ಕಂಡ ಕುದುರೆ ನಯವಾದುದನ್ನು ಇಷ್ಟಪಡುತ್ತದೆಂಬುದು ಅವನ ಲೆಕ್ಕ. ಬಾಯೊಳಗಿನ ಕಂಬಿಗೇ ಮುಳ್ಳುಗಳಿರುವ ಲಗಾಮುಗಳು ಭಾರತದ ಹಳೆಯ ಸಂಗ್ರಹಗಳಲ್ಲಿ ಇಂದಿಗೂ ಇವೆ. ಅಮರಕೋಶದಲ್ಲಿ ಕಡಿವಾಣಕ್ಕೆ ‘ಕವಿಕಾ’, ‘ಖಲೀನ’ ಎಂಬ ಎರಡು ಪದಗಳು ಸಿಗುತ್ತವೆ. ಎರಡನೆಯದು ಗ್ರೀಕಿನ ‘ಖಲಿನೋಸ್’ನಿಂದ ಬಂದುದೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಪದ ಬಂದ ದಾರಿಯಲ್ಲಿ ವಸ್ತುವೂ ಬಂದಿರಬೇಕು.

ಸಾಹಿತ್ಯದ ವಿದ್ಯಾರ್ಥಿಗಳು ಇನ್ನೊಂದು ಕಡೆಯಿಂದಲೂ ಈ ಎಳೆಗುದುರೆಯನ್ನು ಬಲ್ಲರು. ಶ್ವೇತಾಂಬರ ಆಗಮವಾದ ಉತ್ತರಾಧ್ಯಯನ ಸೂತ್ರದ ಮೊದಲ ಅಧ್ಯಯನವು ಗುರುಶಿಷ್ಯರ ವಿನಯವನ್ನು ಕುರಿತದ್ದು. ಜಾಣ ಶಿಷ್ಯನಿಗೆ ಕಲಿಸುವ ಗುರುವನ್ನು ಒಳ್ಳೆಯ ಕುದುರೆಯ ಸವಾರನಿಗೂ, ದಡ್ಡನಿಗೆ ಕಲಿಸಿ ದಣಿಯುವವನನ್ನು ಮೊಂಡು ಕುದುರೆಯ ಸವಾರನಿಗೂ ಅಲ್ಲಿ ಹೋಲಿಸಲಾಗಿದೆ. ಇಪ್ಪತ್ತಮೂರನೆಯ ಅಧ್ಯಯನದ ಕೇಶಿ–ಗೌತಮ ಸಂವಾದದಲ್ಲಿ ದುಷ್ಟ ಕುದುರೆ ಮನಸ್ಸಾಗುತ್ತದೆ, ವಾಘೆ ಶ್ರುತಜ್ಞಾನವಾಗುತ್ತದೆ. ಗಮನಿಸಬೇಕಾದುದೆಂದರೆ ಮೊದಲ ಉಪಮೆಯಲ್ಲಿ ದಣಿವು ಸವಾರನದು. ಕೆಟ್ಟ ಸವಾರಿ ಇಬ್ಬರನ್ನೂ ಬಳಲಿಸುತ್ತದೆಂಬುದು ಕುದುರೆಯೇರಿ ಬಲ್ಲವರ ಅನುಭವ. ಉಪಮೆ ಹುಟ್ಟಿದ್ದು ಲಾಯದ ಸಮೀಪದಲ್ಲೇ ಇರಬೇಕು.

ಕನ್ನಡನಾಡಿನ ಮಟ್ಟಿಗೆ ಈ ವಿದ್ಯೆಯ ದೊಡ್ಡ ದಾಖಲೆ ಕಲ್ಯಾಣದ ಚಾಲುಕ್ಯ ಮುಮ್ಮಡಿ ಸೋಮೇಶ್ವರನ ಹೆಸರಿನಲ್ಲಿರುವ ಸಂಸ್ಕೃತ ‘ಮಾನಸೋಲ್ಲಾಸ’, ಕಾಲ 1129. ಇಂದಿನ ವಿಜಯಪುರದ ಸುತ್ತಣ ತರ್ದವಾಡಿ ಸಾಸಿರ ಆಗ ಅವನ ರಾಜ್ಯದ ಭಾಗವಾಗಿತ್ತು. ವಿನೋದಗಳನ್ನು ಹೇಳುವ ವಿಂಶತಿಯಲ್ಲಿ ‘ವಾಜಿವಾಹ್ಯಾಲಿ’ಗೆ ಪ್ರತ್ಯೇಕ ಸ್ಥಾನವಿದೆ. ಕುದುರೆಗಳ ತಳಿ, ಬಣ್ಣ, ನಡೆ, ಕುದುರೆಯೇರಿ ಚೆಂಡಾಡುವ ಬಗೆ ಎಲ್ಲವೂ ಅಲ್ಲಿ ಬರುತ್ತವೆ. ಈ ವಾಹ್ಯಾಲಿಯೇ ಕನ್ನಡದ ‘ವಯ್ಯಾಳಿ’. ಓಡುವ ಚೆಂಡಿನ ಹಿಂದೆ ಒಂದೇ ಕೈಯಲ್ಲಿ ವಾಘೆ ಹಿಡಿದು ಕುದುರೆಯನ್ನು ತಟ್ಟನೆ ತಿರುಗಿಸುವುದು ಹದಗೊಂಡ ಬಾಯಿಯಿಲ್ಲದೆ ಸಾಧ್ಯವಿಲ್ಲ. ಆದ್ದರಿಂದ ವಯ್ಯಾಳಿ ಅರಸರ ಮೋಜಷ್ಟೇ ಆಗಿರದೆ ಪಳಗಿಸುವಿಕೆಯ ಪರೀಕ್ಷೆಯೂ ಆಗಿತ್ತೆನ್ನಬೇಕು. 1400ರ ಸುಮಾರಿಗೆ ಜೈನ ಕವಿ ಅಭಿನವಚಂದ್ರನು ಕನ್ನಡದಲ್ಲಿಯೇ ‘ಅಶ್ವವೈದ್ಯ’ವನ್ನು ರಚಿಸಿದನು. ಸಂಸ್ಕೃತದ ಅಶ್ವಶಾಸ್ತ್ರಕಾರರು ಹಲ್ಲುಗಳನ್ನು ಚೆನ್ನಾಗಿ ಬಲ್ಲವರು; ಹಲ್ಲಿನ ಮೇಲಿನ ಗುರುತು ಕಪ್ಪಿನಿಂದ ಹಳದಿಗೆ, ಹಳದಿಯಿಂದ ಬಿಳುಪಿಗೆ ತಿರುಗುವುದನ್ನು ಕಂಡು ವಯಸ್ಸನ್ನು ನಿರ್ಣಯಿಸುತ್ತಿದ್ದರು. ಸುಳಿಗಳ ಶುಭಾಶುಭಕ್ಕೂ ಅವರು ಪುಟಗಟ್ಟಲೆ ಮೀಸಲಿಟ್ಟದ್ದು ಇಂದಿನ ಓದುಗರಿಗೆ ಬೇಸರ ತರಿಸಬಹುದು. ಕೊಳ್ಳುವವನ ಶಾಸ್ತ್ರಕ್ಕೂ ಏರುವವನ ಶಾಸ್ತ್ರಕ್ಕೂ ಇರುವ ಅಂತರವದು.

ವಿಜಯಪುರದ ಆದಿಲಶಾಹಿ ಮನೆತನದ ಮೂಲದಲ್ಲಿಯೂ ಒಂದು ಲಾಯವಿದೆ. ಇಮ್ಮಡಿ ಇಬ್ರಾಹಿಮನ ಆಶ್ರಯದಲ್ಲಿ ಇತಿಹಾಸ ಬರೆದ ಫಿರಿಷ್ತಾನ ಪ್ರಕಾರ, ಮನೆತನದ ಸ್ಥಾಪಕ ಯೂಸುಫನು ಬಹಮನಿ ಆಸ್ಥಾನದಲ್ಲಿ ಅಶ್ವಶಾಲೆಯ ಸೇವೆಯಿಂದ ಮೇಲೇರಿದವನು. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿದಾಗ ಈ ರಾಜ್ಯ ಕಳೆದುಕೊಂಡದ್ದು ಬಂದರನ್ನು ಮಾತ್ರವಲ್ಲ, ಅರಬ್ಬೀ ಕುದುರೆಗಳ ಹೆಬ್ಬಾಗಿಲನ್ನು. 1547ರ ಒಪ್ಪಂದದಲ್ಲಿ ಪೋರ್ಚುಗೀಸರು ಗೋವೆಯ ಕುದುರೆಗಳನ್ನು ವಿಜಯನಗರಕ್ಕೇ ಬಿಟ್ಟು, ಆದಿಲಶಾಹಿಗೆ ಹೋಗದಂತೆ ತಡೆಯಲು ಒಪ್ಪಿಕೊಂಡರು. ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ನೂನಿಜ್ ಬರೆದಿದ್ದಾನೆ. ಪ್ರತಿವರ್ಷ ಇಷ್ಟೊಂದು ಏಕೆ ಬೇಕಾಗುತ್ತಿತ್ತು? ಯುದ್ಧ, ಹವೆ, ರೋಗ ಇವು ಸಾಮಾನ್ಯವಾಗಿ ಕೊಡುವ ಉತ್ತರಗಳು. ತಮಿಳು ಕರಾವಳಿಯ ಕುದುರೆಗಳು ಸಾಯುವುದಕ್ಕೆ ಆರೈಕೆ ತಿಳಿಯದಿರುವುದೇ ಕಾರಣವೆಂದು ಮಾರ್ಕೊ ಪೋಲೋ ಹಿಂದೆಯೇ ದೂರಿದ್ದನು. ಇವುಗಳ ಜೊತೆಗೆ ಬಾಯಿ ಕೆಟ್ಟ ಕುದುರೆಯನ್ನೂ ಸೇರಿಸಬೇಕು. ಅದು ಸಾಯುವುದಿಲ್ಲ, ಮೇವು ತಿನ್ನುತ್ತ ಲಾಯದಲ್ಲಿಯೇ ಇರುತ್ತದೆ. ಆದರೆ ಈಟಿ ಹಿಡಿದ ರಾವುತನಿಗೆ ಅದರಿಂದ ಪ್ರಯೋಜನವಿಲ್ಲ. ಕಡಲದಾರಿಯನ್ನು ಶತ್ರು ಕಾಯುತ್ತಿರುವಾಗ, ಇದ್ದ ಮರಿಯನ್ನು ಕೆಡಿಸದೆ ಪಳಗಿಸುವವನೇ ಸೈನ್ಯದ ನಿಜವಾದ ಖಜಾಂಚಿ. ಭೀಮಾತೀರದ ಗಿಡ್ಡ, ಗಟ್ಟಿ ನಾಡಕುದುರೆಗಳ ಮೇಲೆ ದಖ್ಖಣದ ಲಘು ಅಶ್ವದಳ ಬೆಳೆದುದಕ್ಕೆ ಇದೂ ಒಂದು ಹಿನ್ನೆಲೆ.

ಈ ಪಳಗಿಸುವವನ ಹೆಸರು ಪಾರಸಿಯಲ್ಲಿ ‘ಚಾಬುಕ್ ಸವಾರ’. ಲಗಾಮು, ಜೀನು, ಚಾಬೂಕು, ಸವಾರ ಎಲ್ಲವೂ ಅದೇ ದಾರಿಯಿಂದ ಕನ್ನಡಕ್ಕೆ ಇಳಿದವು. ಅದಕ್ಕೂ ಹಿಂದಿನ ಪದಸಂಪತ್ತು ಹಲ್ಲಣ, ವಾಘೆ, ರಾವುತ, ಸಾಹಣಿ. ಜೀನಿನ ಮುಂದೆ ಹಲ್ಲಣ ಸೋತು ಕಾವ್ಯಕ್ಕೆ ಸೀಮಿತವಾಯಿತು; ಶಾಸನಗಳಲ್ಲಿ ಲಾಯದ ಅಧಿಕಾರಿಯಾಗಿದ್ದ ಸಾಹಣಿ ಮನೆಹೆಸರುಗಳಲ್ಲಿ ಉಳಿದ. ಆದರೆ ಲಗಾಮು ಬಂದರೂ ಕಡಿವಾಣ ಸಾಯಲಿಲ್ಲ. ಎರಡೂ ಬದುಕಿ, ಎರಡೂ ರೂಪಕಗಳಾಗಿ, ಎರಡರಲ್ಲಿಯೂ ಬಾಯಿ ಮರೆತುಹೋಯಿತು.

ಮರೆವಿಗೆ ಒಂದು ಕಾರಣವನ್ನು ವಿಜಯಪುರದ ಹೊಲಗಳಲ್ಲಿಯೇ ಹುಡುಕಬಹುದು. ಗೋವೆಯಿಂದ ಬಂದ 17ನೆಯ ಶತಮಾನದ ಐರೋಪ್ಯ ಪ್ರವಾಸಿಗರು ಅಥಣಿಯ ಮೂಲಕ ವಿಜಯಪುರ ತಲುಪುತ್ತಿದ್ದರು. ಇಂದಿನ ರಸ್ತೆಯೂ ಅಥಣಿಯಿಂದ ತಿಕೋಟಾ ಹಾಯ್ದು, ಇಬ್ರಾಹಿಮನ ನವರಸಪುರವಿದ್ದ ತೊರವಿಯ ಬದಿಯಿಂದ ನಗರವನ್ನು ಸೇರುತ್ತದೆ. ಆದರೆ ತಿಕೋಟಾ, ಬಬಲೇಶ್ವರಗಳ ಎರೆಹೊಲವನ್ನು ಉತ್ತದ್ದು ಕುದುರೆಯಲ್ಲ, ಎತ್ತು. ರೈತನ ಕೈಗೆ ಪರಿಚಿತವಾದುದು ಮೂಗುದಾಣ. ಮೂಗಿನ ನಡುಗೋಡೆಯನ್ನು ಚುಚ್ಚಿ ಪೋಣಿಸಿದ ಹಗ್ಗವನ್ನು ಎಳೆದರೆ ಎತ್ತು ಬಂದೇ ತೀರಬೇಕು. ಅಲ್ಲಿ ಕಚ್ಚುವ, ಚಪ್ಪರಿಸುವ, ಒಪ್ಪುವ ಮಾತೇ ಇಲ್ಲ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಕಡಿವಾಣವು ತನ್ನ ಅರ್ಥವನ್ನು ಮೂಗುದಾಣದಿಂದ ಸಾಲ ಪಡೆದಂತಿದೆ. ಎತ್ತಿನ ಹಗ್ಗದ ಗುಣವನ್ನು ಕುದುರೆಯ ಕಂಬಿಗೆ ಹೊರಿಸಿದರೆ ಉಳಿಯುವುದು ‘ತಡೆ’ ಎಂಬ ಒಂದೇ ಅರ್ಥ.

ಗೋಲಗುಮ್ಮಟದ ಮುಂದೆ ಪ್ರವಾಸಿಗರನ್ನು ಕಾಯುವ ಟಾಂಗಾದ ಕುದುರೆಗೆ ಹಳೆಯ ಪರಿಕರಗಳಲ್ಲಿ ಉಳಿದಿರುವುದು ಇದೊಂದೇ: ಜೀನಿಲ್ಲ, ರಾವುತನಿಲ್ಲ, ವಾಘೆ ಬೆನ್ನ ಮೇಲಿಂದ ಹಾಯ್ದು ಗಾಡಿಯವನ ಕೈಗೆ ಹೋಗಿದೆ, ಬಾಯಲ್ಲಿ ಕಬ್ಬಿಣದ ಕಂಬಿ ಮಾತ್ರ ಅದೇ ತೆರಪಿನಲ್ಲಿದೆ. ನಿಂತಿರುವಾಗ ಅದು ಕಂಬಿಯನ್ನು ಕಡಿಯುತ್ತಿರುತ್ತದೆ.