ಬಾಲ್ಟಿಮೋರಿನ ಹಂದಿಗಳೂ ತಾಯ್ತನದ ಹಾರ್ಮೋನೂ



ಹಂದಿಯೆಂದರೆ ಮೂಗು ಮುರಿಯುವವರು ನಮ್ಮಲ್ಲಿ ಅನೇಕರು. ಆದರೆ ಗರ್ಭವನ್ನು ಕಾಪಾಡುವ ಪ್ರೊಜೆಸ್ಟರಾನ್ ಹಾರ್ಮೋನಿನ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ವಾಷಿಂಗ್ಟನ್ನಿನ ನೆರೆಯ ಬಾಲ್ಟಿಮೋರಿನಲ್ಲಿ, ಹಂದಿಗಳ ಮೂಲಕವೇ.

ಹೆಣ್ಣು ಹಂದಿಯ ಋತುಚಕ್ರ ಸುಮಾರು 21 ದಿನಗಳದು. ಅಂಡ ಹೊರಬಿದ್ದ ಸ್ಥಳದಲ್ಲಿ ಕಾರ್ಪಸ್ ಲೂಟಿಯಂ ಎಂಬ ಗ್ರಂಥಿ ಬೆಳೆದು, ಪ್ರೊಜೆಸ್ಟರಾನನ್ನು ಸ್ರವಿಸಿ, ಗರ್ಭಕೋಶವನ್ನು ಭ್ರೂಣಕ್ಕಾಗಿ ಹದಗೊಳಿಸುತ್ತದೆ. ಗರ್ಭ ನಿಲ್ಲದಿದ್ದರೆ ಗರ್ಭಕೋಶವೇ ಪ್ರೋಸ್ಟಗ್ಲ್ಯಾಂಡಿನ್ ಕಳುಹಿಸಿ ಆ ಗ್ರಂಥಿಯನ್ನು ಕುಗ್ಗಿಸುತ್ತದೆ. ಚಕ್ರ ಮರಳಿ ತೊಡಗುತ್ತದೆ.

ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಜಾರ್ಜ್ ಕಾರ್ನರ್ ಹಂದಿಗಳ ಅಂಡಾಶಯ, ಗರ್ಭಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಈ ಚಕ್ರದ ಮಾರ್ಪಾಡುಗಳನ್ನು 1921ರಲ್ಲಿ ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯ ಮೂಲಕ ಪ್ರಕಟಿಸಿದರು. ಮುಂದೆ 1929ರ ಸುಮಾರಿಗೆ ರಾಚೆಸ್ಟರಿನಲ್ಲಿ ವಿಲ್ಲಾರ್ಡ್ ಅಲೆನ್ ಅವರೊಡಗೂಡಿ ಆ ಗ್ರಂಥಿಯ ಸಾರವನ್ನು ಬೇರ್ಪಡಿಸಿದರು. ಗರ್ಭಿಣಿ ಮೊಲಗಳ ಅಂಡಾಶಯ ತೆಗೆದರೂ, ಈ ಸಾರವನ್ನು ಚುಚ್ಚಿದಾಗ ಗರ್ಭ ಉಳಿಯಿತು. 1934ರಲ್ಲಿ ಜರ್ಮನಿಯ ಬುಟೆನಾಂಟ್ ಸುಮಾರು 50,000 ಹಂದಿಗಳ ಅಂಡಾಶಯಗಳಿಂದ ಪಡೆದ ಶುದ್ಧ ಹಾರ್ಮೋನು ಬರಿಯ 20 ಮಿಲಿಗ್ರಾಂ! 1940ರ ದಶಕದಲ್ಲಿ ಮೇರಿಲ್ಯಾಂಡಿನಲ್ಲಿ ಹುಟ್ಟಿದ ರಸೆಲ್ ಮಾರ್ಕರ್ ಮೆಕ್ಸಿಕೋದ ಕಾಡುಗೆಣಸಿನಿಂದ ಅದನ್ನು ತಯಾರಿಸಿದ ಮೇಲೆಯೇ ಔಷಧ ಅಗ್ಗವಾಯಿತು.

ಇಂದು ಐವಿಎಫ್ ಚಿಕಿತ್ಸೆಯಲ್ಲಿಯೂ, ಹಿಂದೆ ಗರ್ಭಪಾತವಾಗಿ ಮತ್ತೆ ರಕ್ತಸ್ರಾವ ಕಂಡ ಗರ್ಭಿಣಿಯರಿಗೂ ವೈದ್ಯರು ಇದನ್ನು ಕೊಡುತ್ತಾರೆ. ಗರ್ಭ ನಿಲ್ಲದ ಸೊಸೆಯನ್ನು ಇಂದಿಗೂ ದೂಷಿಸುವ ಮನೆಗಳು ನಮ್ಮಲ್ಲಿವೆ. ಅದು ಆಕೆಯ ಪಾಪದ ಫಲವಲ್ಲ, ಶರೀರಧರ್ಮದ ವಿಷಯವೆಂಬುದನ್ನು ಈ ಚರಿತ್ರೆಯಿಂದ ನಾವು ಅರಿಯಬೇಕು.