ಬಟ್ಟಲಿನ ತಳದ ಹೆಸರು

ಮಧುಗಿರಿ ಸೀಮೆಯ ಬಡವನಹಳ್ಳಿಯಿಂದ ಸಿರಾ ಮಾರ್ಗವಾಗಿ ವಾಯವ್ಯಕ್ಕೆ ಸಾಗಿದರೆ ಚಿತ್ರದುರ್ಗ. ಅದರ ಮಗ್ಗುಲಲ್ಲೇ ಚಂದ್ರವಳ್ಳಿ. ಅಲ್ಲಿ ಶಾತವಾಹನರ ನಾಣ್ಯಗಳಲ್ಲದೆ ರೋಮಿನ ಚಕ್ರವರ್ತಿ ತಿಬೇರಿಯಸನ ಬೆಳ್ಳಿಯ ನಾಣ್ಯವೂ ದೊರೆತಿದೆ. ಆದರೆ ನಾಣ್ಯ ಕೈಯಿಂದ ಕೈಗೆ ದಾಟುತ್ತ ನೂರು ವರ್ಷ ಬಾಳಬಲ್ಲದು. ಮಡಕೆಗೆ ಅಂಥ ಆಯುಷ್ಯವಿಲ್ಲ. ಆದುದರಿಂದಲೇ ಅದರ ಸಾಕ್ಷ್ಯಕ್ಕೆ ಹೆಚ್ಚು ಬೆಲೆ.

1947ರಲ್ಲಿ ಮಾರ್ಟಿಮರ್ ವೀಲರ್ ಚಂದ್ರವಳ್ಳಿಯನ್ನೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ಅಗೆಸಿದರು. ಒಳತಳದಲ್ಲಿ ಸಣ್ಣ ಕಚ್ಚುಗಳ ಬಳೆಗಳಿರುವ ನಯವಾದ ತಟ್ಟೆಯ ಚೂರುಗಳು ಎರಡೂ ಕಡೆ ದೊರೆತವು. ಅವುಗಳ ಮೇಲೆ ಹೆಸರಿಲ್ಲ. ಆದರೆ ಇಂಥವೇ ತಟ್ಟೆಗಳನ್ನು ಅವರು 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಕಂಡಿದ್ದರು. ಅಲ್ಲಿ ಇಟಲಿಯ ಕೆಂಪು ಹೊಳಪಿನ ಬಟ್ಟಲುಗಳ ಚೂರುಗಳೂ ಇದ್ದವು. ಕೆಲವುಗಳ ತಳದಲ್ಲಿ ಮುದ್ರೆ: ವಿಬಿಇ, ಕಮುರಿ, ಇಟ್ಟ.

‘ಕಮುರಿ’ ಎಂಬುದು ಷಷ್ಠೀ ವಿಭಕ್ತಿ, ಎಂದರೆ ‘ಕಮುರಿಯಸನದು’. ನಮ್ಮ ಮಲ್ಲಿತಮ್ಮ ಹೊಯ್ಸಳ ವಿಗ್ರಹಗಳ ಪೀಠದಲ್ಲಿ ಹೆಸರು ಕೆತ್ತಿದನಲ್ಲ, ಇದು ಆ ಬಗೆಯ ಕಲಾವಿದನ ಅಂಕಿತವಲ್ಲ, ಕಾರ್ಖಾನೆಯ ಗುರುತು. ಎಷ್ಟೋ ಮುದ್ರೆಗಳಲ್ಲಿ ಒಡೆಯನ ಹೆಸರಿನೊಡನೆ ಅವನ ಗುಲಾಮನ ಹೆಸರೂ ಇರುತ್ತದೆ. ಹೆಸರು ಓದಿದ ಮಾತ್ರಕ್ಕೆ ಕೆಲಸ ಮುಗಿಯದು. ಒಬ್ಬನಿಗೇ ಹಲವು ಅಚ್ಚುಗಳು. ಅಕ್ಷರಗಳ ವಾಲು, ಕೂಡಕ್ಷರ, ಸುತ್ತಲಿನ ಚೌಕಟ್ಟು ಎಲ್ಲವನ್ನೂ ತಾಳೆ ನೋಡಬೇಕು. ಹೆಜ್ಜೆಗುರುತಿನ ಆಕಾರದ ಚೌಕಟ್ಟು ರೂಢಿಗೆ ಬಂದದ್ದು ಕ್ರಿ.ಶ. 15ರ ಸುಮಾರಿಗೆ. ಜರ್ಮನಿಯ ಹಾಲ್ಟರ್ನಿನಂಥ, ಕಾಲ ಗೊತ್ತಿರುವ ರೋಮನ್ ಪಾಳೆಯಗಳಲ್ಲಿ ಅದೇ ಅಚ್ಚು ಸಿಕ್ಕರೆ ನಿರ್ಣಯ ಇನ್ನೂ ಭದ್ರ. ಆಕ್ಸೆ ಮತ್ತು ಕಂಫರ್ಟ್ ಇಂಥ ಸಾವಿರಾರು ಮುದ್ರೆಗಳನ್ನು ಕಲೆಹಾಕಿದ ಸೂಚಿ 1968ರಲ್ಲಿ ಪ್ರಕಟವಾಯಿತು.

ಇಟಲಿಯ ಬಟ್ಟಲುಗಳು ಕ್ರಿ.ಶ. 50ರೊಳಗಿನವು, ಜೊತೆಯ ತಟ್ಟೆಗಳೂ ಹೆಚ್ಚುಕಡಿಮೆ ಆ ಕಾಲದವೇ ಎಂದು ವೀಲರ್ ಎಣಿಸಿದರು. ಆ ಲೆಕ್ಕ ಬ್ರಹ್ಮಗಿರಿಗೂ ಬಂದಿತು. ತಟ್ಟೆಗಳ ಪದರದ ಕೆಳಗಿದ್ದ ಬೃಹತ್ ಶಿಲಾಸಮಾಧಿಗಳ ಸಂಸ್ಕೃತಿಗೆ ಅವರು ಕೊಟ್ಟ ಆರಂಭ ಕೇವಲ ಕ್ರಿ.ಪೂ. 200, ಅದಕ್ಕೂ ಕೆಳಗಿನ ಕಲ್ಗೊಡಲಿಯ ಜನರಿಗೆ ಕ್ರಿ.ಪೂ. ಒಂದನೆಯ ಸಹಸ್ರಮಾನ. ಇಟಲಿಯ ಒಬ್ಬಿಬ್ಬರು ಕುಂಬಾರರ ಹೆಸರಿನಿಂದ ನಮ್ಮ ನಾಡಿನ ಪ್ರಾಚೀನತೆಯೇ ಮೊಟಕಾಯಿತು! ಮುಂದೆ ರೇಡಿಯೋ ಕಾರ್ಬನ್ ಪರೀಕ್ಷೆಗಳು ದಕ್ಷಿಣದ ನವಶಿಲಾಯುಗವನ್ನು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದವು. 1983ರಲ್ಲಿ ವಿಮಲಾ ಬೆಗ್ಲಿ ಆ ತಟ್ಟೆಗಳು ಇಟಲಿಯ ಬಟ್ಟಲುಗಳಿಗಿಂತ ಹಳೆಯವು, ಕ್ರಿ.ಪೂ. ಎರಡನೆಯ ಶತಮಾನದಷ್ಟು ಹಿಂದಿನವು ಎಂದು ವಾದಿಸಿದರು.

ವೀಲರ್ ಮುದ್ರೆಯನ್ನು ತಪ್ಪು ಓದಿದರೆಂದು ನಾನು ಹೇಳುತ್ತಿಲ್ಲ. ಮುದ್ರೆ ತನ್ನ ಬಟ್ಟಲಿನ ಕಾಲವನ್ನು ಹೇಳಿತ್ತು. ನೆರೆಯ ತಟ್ಟೆ ಎಂದಿನಿಂದ ಬಳಕೆಯಲ್ಲಿತ್ತೆಂಬುದು ಅದಕ್ಕೆ ಗೊತ್ತಿರಲಿಲ್ಲ. ಆ ತಟ್ಟೆ ಭಾರತದ್ದೇ ಎಂಬುದು ಈಗ ಇತ್ಯರ್ಥವಾಗಿದೆ. ಅದರ ಮಣ್ಣನ್ನು ಪರೀಕ್ಷಿಸಿದ ಕೆಲವು ವಿದ್ವಾಂಸರು ಬಂಗಾಳದ ಕಡೆಗೆ, ಗಂಗೆಯ ಮುಖಜಭೂಮಿಯತ್ತ ಕೈತೋರುತ್ತಾರೆ.