ಲಿಂಕನ್ನರ ಋಣ

ಪ್ರೌಢಶಾಲೆಯಲ್ಲಿ ನಾನು ಇತಿಹಾಸ ಪಾಠ ಹೇಳುತ್ತಿದ್ದ ಕಾಲದಲ್ಲಿ ಅಮೆರಿಕದ ಅಂತರ್ಯುದ್ಧದ ಕಥೆ ಲಿಂಕನ್ನರ ಹತ್ಯೆಯೊಂದಿಗೆ ಮುಗಿದುಹೋಗುತ್ತಿತ್ತು. ಗುಲಾಮರು ಬಿಡುಗಡೆ ಹೊಂದಿದರು, ಲಿಂಕನ್ ಹುತಾತ್ಮರಾದರು, ಅಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಬಿಡುಗಡೆ ಹೊಂದಿದ ಸುಮಾರು 40 ಲಕ್ಷ ಜನ ಅನಂತರ ಏನಾದರು, ಕೈಗೆ ಬಂದ ಮತವನ್ನು ಯಾರಿಗೆ ಕೊಟ್ಟರು ಎಂಬ ವಿಚಾರ ಪಠ್ಯದಲ್ಲಿರಲಿಲ್ಲ. ಈಚೆಗೆ ಅಮೆರಿಕದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಕೇಳಿದ: "ಸಾರ್, ಲಿಂಕನ್ ರಿಪಬ್ಲಿಕನ್ ಪಕ್ಷದವರು ತಾನೆ? ಹಾಗಾದರೆ ಇಲ್ಲಿಯ ಕಪ್ಪು ಜನ ಬಹುಪಾಲು ಡೆಮಾಕ್ರಟಿಕ್ ಪಕ್ಷಕ್ಕೆ ಮತ ಹಾಕುವುದೇಕೆ?" ಪ್ರಶ್ನೆ ಚಿಕ್ಕದು. ಉತ್ತರ ಒಂದು ಶತಮಾನದಷ್ಟು ಉದ್ದವಾದುದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಲ್ಲಿ 'ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ' ಎಂಬ ಗಾದೆಯಿದೆ. ಅಂತರ್ಯುದ್ಧದ ನಂತರದ ತಲೆಮಾರಿನ ಆಫ್ರಿಕನ್ ಮೂಲದ ಅಮೆರಿಕನ್ನರು ಅಕ್ಷರಶಃ ಹಾಗೆಯೇ ನಡೆದುಕೊಂಡರು. 1863ರ ವಿಮೋಚನಾ ಘೋಷಣೆ, ಗುಲಾಮಗಿರಿಯನ್ನು ರದ್ದುಗೊಳಿಸಿದ 1865ರ 13ನೆಯ ತಿದ್ದುಪಡಿ, ವರ್ಣದ ಕಾರಣದಿಂದ ಮತದಾನದ ಹಕ್ಕನ್ನು ನಿರಾಕರಿಸಬಾರದೆಂದ 1870ರ 15ನೆಯ ತಿದ್ದುಪಡಿ, ಇವೆಲ್ಲವೂ ರಿಪಬ್ಲಿಕನ್ನರ ಕೈಯಿಂದ ಬಂದವು. ಡೆಮಾಕ್ರಟಿಕ್ ಪಕ್ಷವಾದರೋ ದಕ್ಷಿಣದ ಹಳೆಯ ಯಜಮಾನರ ಪಕ್ಷ. ಸ್ವತಃ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಮಹಾನ್ ವಾಗ್ಮಿಯಾದ ಫ್ರೆಡರಿಕ್ ಡಗ್ಲಾಸ್, ರಿಪಬ್ಲಿಕನ್ ಪಕ್ಷವನ್ನು ಹಡಗಿಗೂ ಅದರ ಹೊರಗಿನ ಸಮಸ್ತವನ್ನೂ ಕಡಲಿಗೂ ಹೋಲಿಸಿದರು. ಹಡಗು ಎಷ್ಟೇ ಸೋರುತ್ತಿದ್ದರೂ ಕಡಲಿಗೆ ಹಾರುವವರುಂಟೆ?

ಆದರೂ ವಾದ ಹುಟ್ಟದೆ ಇರಲಿಲ್ಲ. 1872ರಲ್ಲಿ ಸೆನೆಟರ್ ಚಾರ್ಲ್ಸ್ ಸಮ್ನರ್ ಕಪ್ಪು ಮತದಾರರಿಗೆ ಬಹಿರಂಗ ಪತ್ರ ಬರೆದು, ಅಧ್ಯಕ್ಷ ಗ್ರಾಂಟರನ್ನು ಕೈಬಿಟ್ಟು ಹೊರೇಸ್ ಗ್ರೀಲಿಯವರನ್ನು ಬೆಂಬಲಿಸಿರೆಂದು ಕೋರಿದರು. ಸಮ್ನರ್ ಸಾಮಾನ್ಯರಲ್ಲ. ಗುಲಾಮಗಿರಿಯ ವಿರುದ್ಧ ಮಾತನಾಡಿದ್ದಕ್ಕಾಗಿ 1856ರಲ್ಲಿ ಸೆನೆಟ್ ಸಭಾಂಗಣದಲ್ಲಿಯೇ ಬೆತ್ತದ ಹೊಡೆತ ತಿಂದು ಪ್ರಜ್ಞೆ ತಪ್ಪಿದ್ದವರು. ಅಂಥವರ ಮಾತನ್ನು ಮೀರುವುದು ಡಗ್ಲಾಸರಿಗೆ ಸುಲಭವಾಗಿರಲಾರದು. ಆದರೂ ಕು ಕ್ಲಕ್ಸ್ ಕ್ಲಾನ್ ಎಂಬ ಹಿಂಸಾಪಡೆಯನ್ನು ಬಗ್ಗುಬಡಿದ ಗ್ರಾಂಟರ ಪರವಾಗಿಯೇ ಅವರು ನಿಂತರು, ಸಮುದಾಯವೂ ಅವರೊಡನೆ ನಿಂತಿತು. ಐದೇ ವರ್ಷಗಳಲ್ಲಿ, 1877ರಲ್ಲಿ, ಅದೇ ರಿಪಬ್ಲಿಕನ್ ಪಕ್ಷ ವಿವಾದಗ್ರಸ್ತ ಚುನಾವಣೆಯೊಂದನ್ನು ದಕ್ಕಿಸಿಕೊಂಡು, ದಕ್ಷಿಣದ ರಾಜ್ಯಗಳಲ್ಲಿ ಕಾವಲಿಗಿದ್ದ ಸೈನ್ಯವನ್ನು ಹಿಂದಕ್ಕೆ ಕರೆಸಿಕೊಂಡಿತು. ಮುಂದೆ ಮತಗಂದಾಯ, ಅಕ್ಷರಪರೀಕ್ಷೆ ಮೊದಲಾದ ತಂತ್ರಗಳಿಂದ ದಕ್ಷಿಣದಲ್ಲಿ ಕಪ್ಪು ಜನರ ಮತ ಬಹುತೇಕ ಅಳಿದೇಹೋಯಿತು. ಇನ್ನು ಚರ್ಚೆಗೆ ಉಳಿದುದು ಉತ್ತರದ ನಗರಗಳ ಮತ ಮಾತ್ರ.

ಋಣದ ಮಾತು ಮೊದಲ ಬಾರಿಗೆ ಗಂಭೀರವಾಗಿ ಅಲುಗಾಡಿದ್ದು 1912ರಲ್ಲಿ. ಆ ವರ್ಷದ ಕಣ ವಿಚಿತ್ರವಾಗಿತ್ತು. ರಿಪಬ್ಲಿಕನ್ ಪಕ್ಷದಿಂದ ಹಾಲಿ ಅಧ್ಯಕ್ಷ ಟಾಫ್ಟ್. ಅವರೊಡನೆ ಮುನಿದು ಹೊಸ ಪಕ್ಷ ಕಟ್ಟಿದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್. ಡೆಮಾಕ್ರಟಿಕ್ ಪಕ್ಷದಿಂದ ವರ್ಜೀನಿಯದಲ್ಲಿ ಹುಟ್ಟಿದ, ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ವುಡ್ರೊ ವಿಲ್ಸನ್. ಬುಕರ್ ಟಿ. ವಾಷಿಂಗ್ಟನ್ ಹಳೆಯ ಹಡಗಿನಲ್ಲಿಯೇ ಉಳಿದರು. ರೂಸ್‌ವೆಲ್ಟರಿಗೆ ಮತ ಕೊಡೋಣವೆಂದರೆ, 1906ರಲ್ಲಿ ಬ್ರೌನ್ಸ್‌ವಿಲ್‌ನ ಗಲಭೆಯ ನೆಪದಲ್ಲಿ 167 ಕಪ್ಪು ಸೈನಿಕರನ್ನು ವಿಚಾರಣೆಯಿಲ್ಲದೆ ಸೇವೆಯಿಂದ ಕಿತ್ತುಹಾಕಿದವರು ಅವರೇ. ಅವರ ಹೊಸ ಪಕ್ಷವಂತೂ ಷಿಕಾಗೋ ಅಧಿವೇಶನದಲ್ಲಿ ದಕ್ಷಿಣದ ಕಪ್ಪು ಪ್ರತಿನಿಧಿಗಳಿಗೆ ಆಸನವನ್ನೇ ಕೊಡಲಿಲ್ಲ.

ಈ ಸಂದಿಗ್ಧದಲ್ಲಿ 'ದಿ ಕ್ರೈಸಿಸ್' ಪತ್ರಿಕೆಯ ಸಂಪಾದಕರಾದ ಡಬ್ಲ್ಯೂ. ಇ. ಬಿ. ಡು ಬಾಯ್ಸ್ ಒಂದು ಸಾಹಸ ಮಾಡಿದರು. ತಾವು ಸೇರಿದ್ದ ಸಮಾಜವಾದಿ ಪಕ್ಷವನ್ನೂ ತೊರೆದು ವಿಲ್ಸನ್ನರನ್ನು ಬೆಂಬಲಿಸಿದರು. ಬಾಸ್ಟನ್ನಿನ 'ಗಾರ್ಡಿಯನ್' ಪತ್ರಿಕೆಯ ಉಗ್ರ ಸಂಪಾದಕ ವಿಲಿಯಂ ಮನ್ರೊ ಟ್ರಾಟರ್ ಕೂಡ ಅದೇ ದಾರಿ ಹಿಡಿದರು. ಅವರ ತರ್ಕ ಸರಳವಾಗಿತ್ತು: ಒಂದು ಪಕ್ಷಕ್ಕೆ ನಾವು ಕಟ್ಟಿಬಿದ್ದವರೆಂದು ತಿಳಿದಮೇಲೆ ಆ ಪಕ್ಷ ನಮಗಾಗಿ ಏನನ್ನೂ ಮಾಡಬೇಕಾಗಿಲ್ಲ, ಎದುರು ಪಕ್ಷ ಮಾಡಿಯೂ ಪ್ರಯೋಜನವಿಲ್ಲ. ಮತ ಇತ್ತ ಅತ್ತ ಸರಿಯಬಲ್ಲದೆಂದು ತೋರಿಸಿದರೆ ಮಾತ್ರ ಎರಡೂ ಕಡೆಯವರು ತಿರುಗಿ ನೋಡಿಯಾರು. ವಿಲ್ಸನ್ನರೂ ಬಿಷಪ್ ಅಲೆಕ್ಸಾಂಡರ್ ವಾಲ್ಟರ್ಸರಿಗೆ ಪತ್ರ ಬರೆದು, ಕಪ್ಪು ಜನರಿಗೆ ಸಂಪೂರ್ಣ ನ್ಯಾಯವಾಗಿ ನಡೆದುಕೊಳ್ಳುವುದಾಗಿ ಮಾತು ಕೊಟ್ಟರು. ನನಗಂತೂ ಈ ತರ್ಕದಲ್ಲಿ ಇಂದಿಗೂ ಲೋಪ ಕಾಣುವುದಿಲ್ಲ. ಲೋಪವಿದ್ದುದು ಮಾತು ಕೊಟ್ಟವರಲ್ಲಿ.

ವಿಲ್ಸನ್ ಗೆದ್ದರು. ಮರುವರ್ಷವೇ ಅವರ ಮಂತ್ರಿಗಳು ಅಂಚೆ ಮತ್ತು ಖಜಾನೆ ಇಲಾಖೆಗಳಲ್ಲಿ ಕಪ್ಪು ನೌಕರರನ್ನು ಬೇರ್ಪಡಿಸಿ ಕೂರಿಸತೊಡಗಿದರು. ಊಟದ ಕೋಣೆ ಬೇರೆ, ಶೌಚಾಲಯ ಬೇರೆ. 1914ರಿಂದ ಸರ್ಕಾರಿ ನೌಕರಿಯ ಅರ್ಜಿಗೆ ಭಾವಚಿತ್ರ ಲಗತ್ತಿಸುವುದು ಕಡ್ಡಾಯವಾಯಿತು. ಅರ್ಜಿದಾರನ ಬಣ್ಣ ಗೊತ್ತಾಗಲು ಇನ್ನೇನು ಬೇಕು? ಅದೇ ವರ್ಷದ ನವೆಂಬರ್ 12ರಂದು ಟ್ರಾಟರ್ ನಿಯೋಗವೊಂದರೊಡನೆ ಶ್ವೇತಭವನಕ್ಕೆ ಹೋದರು. ಎರಡು ವರ್ಷಗಳ ಹಿಂದೆ ಜನ ನಿಮ್ಮನ್ನು ಎರಡನೆಯ ಲಿಂಕನ್ ಎಂದು ಕೊಂಡಾಡಿದ್ದರು ಎಂದು ಅಧ್ಯಕ್ಷರ ಮುಖಕ್ಕೇ ನೆನಪಿಸಿದರು. ಬೇರ್ಪಡಿಕೆ ಅವಮಾನವಲ್ಲ, ಘರ್ಷಣೆ ತಪ್ಪಿಸುವ ಉಪಾಯ ಎಂದರು ವಿಲ್ಸನ್. ಟ್ರಾಟರ್ ಒಪ್ಪಲಿಲ್ಲ, ಸ್ವರ ಏರಿತು. ನಿಮ್ಮ ಮಾತಿನ ಧಾಟಿ ನನಗೆ ಸರಿಬೀಳಲಿಲ್ಲ, ಮುಂದೆ ಬರುವುದಾದರೆ ಬೇರೊಬ್ಬ ವಕ್ತಾರರನ್ನು ಕರೆತನ್ನಿ ಎಂದು ಹೇಳಿ ಅಧ್ಯಕ್ಷರು ಭೇಟಿಯನ್ನು ಮುಗಿಸಿದರು. ಮತ ಕೊಟ್ಟವನಿಗೆ ದೊರೆತ ಮರ್ಯಾದೆ ಇದು.

ಇಷ್ಟಾದ ಮೇಲೆ ಜನ ಮತ್ತೆ ಹಳೆಯ ಹಡಗನ್ನೇ ಹತ್ತಿದ್ದರಲ್ಲಿ ಆಶ್ಚರ್ಯವೇನಿದೆ? ಅದರಿಂದ ಅವರನ್ನು ಇಳಿಸಿದುದು ವಾದವಲ್ಲ, ಹಸಿವು. 1932ರ ಆರ್ಥಿಕ ಮುಗ್ಗಟ್ಟಿನ ನಡುವೆ 'ಪಿಟ್ಸ್‌ಬರ್ಗ್ ಕುರಿಯರ್' ಪತ್ರಿಕೆಯ ರಾಬರ್ಟ್ ವ್ಯಾನ್ ಕ್ಲೀವ್‌ಲೆಂಡಿನಲ್ಲಿ ಭಾಷಣ ಮಾಡುತ್ತ, ಮನೆಯ ಗೋಡೆಯ ಮೇಲಿರುವ ಲಿಂಕನ್ನರ ಚಿತ್ರವನ್ನು ಹಿಂದುಮುಂದಾಗಿ ತಿರುಗಿಸಿಡಿ, ಆ ಸಾಲ ಪೂರ್ತಿಯಾಗಿ ಸಂದಾಯವಾಗಿದೆ ಎಂದರು. ಎಷ್ಟು ಮನೆಗಳಲ್ಲಿ ಆ ಚಿತ್ರಕ್ಕೆ ದೇವರ ಪಟದ ಸ್ಥಾನವಿತ್ತೆಂದು ಊಹಿಸಿಕೊಂಡರೆ ಆ ಮಾತಿನ ಎದೆಗಾರಿಕೆ ತಿಳಿಯುತ್ತದೆ. ಆ ಚುನಾವಣೆಯಲ್ಲಿ ಹೆಚ್ಚಿನವರು ಅವರ ಮಾತು ಕೇಳಲಿಲ್ಲ. ನಾಲ್ಕು ವರ್ಷಗಳ ನಂತರ, ಪರಿಹಾರ ಕಾಮಗಾರಿಗಳ ಕೂಲಿ ಕೈಗೆ ಬಂದಿದ್ದಾಗ, ಸುಮಾರು ನೂರಕ್ಕೆ 70 ಮಂದಿ ಫ್ರಾಂಕ್ಲಿನ್ ರೂಸ್‌ವೆಲ್ಟರಿಗೆ ಮತ ಕೊಟ್ಟರು. ಆದರೆ ಅದೇ ಪಕ್ಷದ ದಕ್ಷಿಣದ ಸೆನೆಟರುಗಳು, ಗುಂಪುಹತ್ಯೆಯನ್ನು ತಡೆಯುವ ಮಸೂದೆಯನ್ನು ಸೋಲಿಸುತ್ತಲೇ ಇದ್ದರು. ಆದ್ದರಿಂದ ಮನಸ್ಸು ಎರಡು ದೋಣಿಯ ಮೇಲೆ ಕಾಲಿಟ್ಟಂತೆಯೇ ಉಳಿಯಿತು. 1956ರಲ್ಲಿಯೂ ರಿಪಬ್ಲಿಕನ್ ಐಸೆನ್‌ಹೋವರರಿಗೆ ಕಪ್ಪು ಮತಗಳಲ್ಲಿ ನೂರಕ್ಕೆ ಸುಮಾರು 39 ಬಂದಿದ್ದವು.

ಇನ್ನು 1960. ಈ ಚುನಾವಣೆಯ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಏಕೆಂದರೆ ಇಲ್ಲಿ ವಾದ ಇಬ್ಬರು ಸಜ್ಜನರ ನಡುವೆ ಇತ್ತು, ಇಬ್ಬರಿಗೂ ಕಾರಣಗಳಿದ್ದವು. ಒಬ್ಬರು ಜಾಕಿ ರಾಬಿನ್‌ಸನ್. 1947ರಲ್ಲಿ ಬೇಸ್‌ಬಾಲ್ ಆಟದ ವರ್ಣಬೇಲಿಯನ್ನು ಮುರಿದ ವೀರ. ಅವರು ರಿಪಬ್ಲಿಕನ್ ನಿಕ್ಸನ್ನರ ಪರ ಪ್ರಚಾರಕ್ಕಿಳಿದರು. ನಿಕ್ಸನ್ 1957ರ ನಾಗರಿಕ ಹಕ್ಕುಗಳ ಕಾಯಿದೆಗಾಗಿ ದುಡಿದಿದ್ದರು. ಕೆನೆಡಿಯೋ, ಅದೇ ಕಾಯಿದೆಯನ್ನು ಸಡಿಲಗೊಳಿಸುವ ತಿದ್ದುಪಡಿಗೆ ಮತ ಹಾಕಿದ್ದವರು, ಅಲಬಾಮದ ವರ್ಣಭೇದವಾದಿ ಗವರ್ನರನನ್ನು ಮನೆಗೆ ಕರೆದು ಉಪಾಹಾರ ಕೊಟ್ಟಿದ್ದವರು. ಇನ್ನೊಬ್ಬರು ಮಾರ್ಟಿನ್ ಲೂಥರ್ ಕಿಂಗರ ತಂದೆ, ಅಟ್ಲಾಂಟದ ಪಾದ್ರಿ. ಅವರೂ ಮೊದಲು ನಿಕ್ಸನ್ ಪರವೇ. ಕಾರಣ ಮಾತ್ರ ಬೇರೆ: ಕೆನೆಡಿ ಕ್ಯಾಥೊಲಿಕರೆಂಬುದು ಈ ಬ್ಯಾಪ್ಟಿಸ್ಟ್ ಪಾದ್ರಿಗೆ ಹಿಡಿಸಿರಲಿಲ್ಲ. ವರ್ಣದ್ವೇಷದಿಂದ ನೊಂದವರೂ ಮತದ್ವೇಷದಿಂದ ಮುಕ್ತರಾಗಿರುವುದಿಲ್ಲ, ನೋಡಿ.

ಅಕ್ಟೋಬರ್ 19ರಂದು ಅಟ್ಲಾಂಟದ ಅಂಗಡಿಯೊಂದರ ಉಪಾಹಾರ ಗೃಹದಲ್ಲಿ ಸತ್ಯಾಗ್ರಹ ಮಾಡಿದ್ದಕ್ಕೆ ಮಗ ಕಿಂಗ್ ಬಂಧಿತರಾದರು. ಜೊತೆಯವರೆಲ್ಲ ಬಿಡುಗಡೆಯಾದರೂ ಅವರೊಬ್ಬರನ್ನು ಬಿಡಲಿಲ್ಲ. ಕೆಲವು ತಿಂಗಳ ಹಿಂದೆ, ಜಾರ್ಜಿಯ ರಾಜ್ಯದ ಚಾಲನಾ ಪರವಾನಗಿ ಇಲ್ಲದೆ ಕಾರು ಓಡಿಸಿದರೆಂದು ಅವರಿಗೆ 25 ಡಾಲರ್ ದಂಡ, ಜೊತೆಗೆ ಸನ್ನಡತೆಯ ಷರತ್ತು ಬಿದ್ದಿತ್ತು. ಆ ಷರತ್ತು ಮುರಿಯಿತೆಂದು ನ್ಯಾಯಾಧೀಶರು ನಾಲ್ಕು ತಿಂಗಳ ಕಠಿಣ ಸಜೆ ವಿಧಿಸಿದರು. ನಡುರಾತ್ರಿಯಲ್ಲಿ ಸಂಕೋಲೆ ತೊಡಿಸಿ ದೂರದ ರೀಡ್ಸ್‌ವಿಲ್ ಸೆರೆಮನೆಗೆ ಸಾಗಿಸಿದರು. ಕಪ್ಪು ಕೈದಿ ಅಂಥ ಸೆರೆಮನೆಯಿಂದ ಜೀವಂತವಾಗಿ ಬರುವುದು ಖಾತರಿಯಿಲ್ಲದ ಕಾಲ ಅದು. ಬಸುರಿಯಾಗಿದ್ದ ಪತ್ನಿ ಕೊರೆಟ್ಟ ಕಂಗಾಲಾದರು.

ಕೆನೆಡಿಯ ಪ್ರಚಾರ ತಂಡದಲ್ಲಿದ್ದ ಹ್ಯಾರಿಸ್ ವೊಫರ್ಡ್ ಎಂಬ ತರುಣ ವಕೀಲರು, ಆಕೆಗೆ ಒಂದು ಸಾಂತ್ವನದ ಕರೆ ಮಾಡಿಸೋಣ ಎಂದು ಸೂಚಿಸಿದರು. (ಈ ವೊಫರ್ಡ್ 1949ರಲ್ಲಿ ಭಾರತಕ್ಕೆ ಬಂದು, ಗಾಂಧೀಜಿಯವರ ಮಾರ್ಗವನ್ನು ಅಭ್ಯಸಿಸಿ, ಪತ್ನಿಯೊಡನೆ ಪುಸ್ತಕ ಬರೆದಿದ್ದವರು.) ಕೆನೆಡಿ ಕರೆ ಮಾಡಿದರು. ತಮ್ಮ ರಾಬರ್ಟ್ ಮೊದಲು ಇದರಿಂದ ದಕ್ಷಿಣದ ಮತ ಕೈತಪ್ಪುತ್ತದೆಂದು ಸಿಡಿಮಿಡಿಗೊಂಡು, ಆಮೇಲೆ ತಾವೇ ನ್ಯಾಯಾಧೀಶರಿಗೆ ಕರೆ ಮಾಡಿದರು. ಮರುದಿನ ಕಿಂಗ್ ಬಿಡುಗಡೆಯಾದರು.

ಅತ್ತ ರಾಬಿನ್‌ಸನ್, ನೀವೂ ಒಂದು ಮಾತು ಆಡಿರೆಂದು ನಿಕ್ಸನ್ನರನ್ನು ಅಂಗಲಾಚಿದರು. ನಿಕ್ಸನ್ 1957ರಲ್ಲಿ ಘಾನಾದ ಸ್ವಾತಂತ್ರ್ಯೋತ್ಸವದಲ್ಲಿ ಕಿಂಗರನ್ನು ಕಂಡು ಪರಿಚಯವಿದ್ದವರು. ಆದರೂ ಅದು ಪ್ರದರ್ಶನವಾದೀತೆಂದು ಒಪ್ಪಲಿಲ್ಲ. ರಾಬಿನ್‌ಸನ್ ಕಣ್ಣೀರು ತುಂಬಿಕೊಂಡು ಹೊರಬಂದರೆಂದು ತಂಡದಲ್ಲಿದ್ದ ವಿಲಿಯಂ ಸಫೈರ್ ಬರೆದಿದ್ದಾರೆ. ಆದರೂ ಅವರು ನಿಕ್ಸನ್ನರನ್ನು ಬಿಡಲಿಲ್ಲ. ಹಿರಿಯ ಕಿಂಗರು ಮಾತ್ರ ತಮ್ಮ ಚರ್ಚಿನಲ್ಲಿ ಎದ್ದುನಿಂತು, ಸೊಸೆಯ ಕಣ್ಣೀರು ಒರೆಸಿದವರಿಗೆ ಒಂದು ಪೆಟ್ಟಿಗೆಯ ತುಂಬ ಮತ ಒಯ್ದು ಸುರಿಯುತ್ತೇನೆಂದು ಸಾರಿದರು. ನೀಲಿ ಕಾಗದದ ಕರಪತ್ರಗಳು ಸುಮಾರು 20 ಲಕ್ಷ ಅಚ್ಚಾಗಿ, ಚುನಾವಣೆಯ ಹಿಂದಿನ ಭಾನುವಾರ ಕಪ್ಪು ಜನರ ಚರ್ಚುಗಳ ಬಾಗಿಲಲ್ಲಿ ಹಂಚಲ್ಪಟ್ಟವು. 6 ಕೋಟಿ 80 ಲಕ್ಷ ಮತಗಳಲ್ಲಿ ಕೆನೆಡಿಯ ಮುನ್ನಡೆ ಸುಮಾರು 1 ಲಕ್ಷ 12 ಸಾವಿರ. ಇಲಿನಾಯ್ ರಾಜ್ಯದಲ್ಲಂತೂ 9 ಸಾವಿರಕ್ಕೂ ಕಡಮೆ.

ಇವರಿಬ್ಬರಲ್ಲಿ ಯಾರದು ಸರಿ? ದಾಖಲೆ ನೋಡಿ ಆರಿಸಿದವರು ರಾಬಿನ್‌ಸನ್, ಎದೆಯ ಮಾತು ಕೇಳಿದವರು ಹಿರಿಯ ಕಿಂಗ್. ಹಳೆಯ ಗಣಿತದ ಮೇಷ್ಟರಂತೆ ಅಂಕ ಕೊಡುವುದಾದರೆ ರಾಬಿನ್‌ಸನ್ನರ ಲೆಕ್ಕದ ಕ್ರಮಕ್ಕೆ ಪೂರ್ಣಾಂಕ ಕೊಡುತ್ತೇನೆ; ಉತ್ತರ ಮಾತ್ರ ಮುದುಕರಿಗೆ ಬಂತು. ಕೆನೆಡಿ ಮಂಡಿಸಿದ ಮಸೂದೆ ಅವರ ಸಾವಿನ ನಂತರ ಜಾನ್ಸನ್ನರ ಕೈಯಲ್ಲಿ 1964ರ ನಾಗರಿಕ ಹಕ್ಕುಗಳ ಕಾಯಿದೆಯಾಯಿತು. ಅದರ ವಿರುದ್ಧ ಮತ ಹಾಕಿದ ಗೋಲ್ಡ್‌ವಾಟರರನ್ನು ರಿಪಬ್ಲಿಕನ್ನರು ಅಭ್ಯರ್ಥಿಯಾಗಿ ಆರಿಸಿದಾಗ, ರಾಬಿನ್‌ಸನ್ ಆ ಅಧಿವೇಶನದಿಂದ ಬೇಸತ್ತು ಬಂದು ಜಾನ್ಸನ್ನರನ್ನು ಬೆಂಬಲಿಸಿದರು. ಆ ವರ್ಷ ಕಪ್ಪು ಮತಗಳಲ್ಲಿ ನೂರಕ್ಕೆ 94ರಷ್ಟು ಜಾನ್ಸನ್ನರಿಗೆ ಹೋದವು. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ನೇರ ಉತ್ತರ ಇದೇ. ಅಲ್ಲಿಂದೀಚೆಗೆ ಯಾವ ರಿಪಬ್ಲಿಕನ್ ಅಭ್ಯರ್ಥಿಗೂ ಆ ಮತಗಳ ಐದನೆಯ ಒಂದು ಪಾಲೂ ದಕ್ಕಿಲ್ಲ. ಎರಡೂ ಪಕ್ಷಗಳಲ್ಲಿ ನಮ್ಮವರಿರಬೇಕು ಎಂಬ ರಾಬಿನ್‌ಸನ್ನರ ಹಂಬಲ ಹಂಬಲವಾಗಿಯೇ ಉಳಿಯಿತು.

ವಾದ ನಿಂತಿತೆ? ಇಲ್ಲ, ಒಂದೇ ಮನೆಯ ಒಳಗೆ ಬಂತು. 1965ರಲ್ಲಿ ಸೆಲ್ಮಾದ ಸೇತುವೆಯ ಮೇಲೆ ಪೊಲೀಸರ ಲಾಠಿಗೆ ತಲೆ ಒಡೆಸಿಕೊಂಡಿದ್ದ ಜಾನ್ ಲೂಯಿಸ್, 2007ರ ಅಕ್ಟೋಬರಿನಲ್ಲಿ ಹಿಲರಿ ಕ್ಲಿಂಟನ್ನರಿಗೆ ಬೆಂಬಲ ಘೋಷಿಸಿದರು. ಕ್ಲಿಂಟನ್ ದಂಪತಿಗಳೊಡನೆ ಹಳೆಯ ಸ್ನೇಹ. ಅದೂ ಒಂದು ಋಣವೇ. ಎದುರಿಗಿದ್ದವರು ಕೀನ್ಯಾದ ತಂದೆಯ ಮಗ ಬರಾಕ್ ಒಬಾಮ. 2008ರ ಫೆಬ್ರವರಿ ಮೊದಲ ವಾರ ಲೂಯಿಸರ ಸ್ವಂತ ಕ್ಷೇತ್ರದ ಮತದಾರರು ಭಾರಿ ಬಹುಮತದಿಂದ ಒಬಾಮರನ್ನು ಆರಿಸಿದರು. ತಿಂಗಳ ಕೊನೆಗೆ, ತಾವು ಜನರ ಪಕ್ಕದಲ್ಲಿರಬೇಕೆಂದು ಹೇಳಿ, ಲೂಯಿಸರೂ ಸ್ನೇಹವನ್ನು ಬದಿಗಿಟ್ಟು ಅತ್ತ ಸರಿದರು.